ಕೀಲಿ ತಿರುವಿದರೆ ಕಾರು ಎದ್ದೇಳುವಂತೆ ಮಾಡಿದ ಕೆಟರಿಂಗ್: ಹಳೆಯ ಕಾರಿಗೆ ಬೇರೆ ‘ಸೆಲ್ಫ್’ ಮೋಟಾರ್ ಹೊಂದುತ್ತದೆಯೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹೊಸಪೇಟೆಯನ್ನು ಬಿಟ್ಟರೆ ವಿಜಯನಗರ ಜಿಲ್ಲೆಯ ಉಳಿದ ಐದು ತಾಲ್ಲೂಕುಗಳು ಇವು. ಈ ಊರುಗಳಲ್ಲಿ ಇವತ್ತಿಗೂ ಹಳೆಯ ಅಂಬಾಸಿಡರ್, ಪದ್ಮಿನಿ, ಜೀಪುಗಳನ್ನು ಜೋಪಾನ ಮಾಡಿಕೊಂಡು ಬಂದವರಿದ್ದಾರೆ. ಅಪ್ಪ ತಂದದ್ದು ಎನ್ನುವ ಪ್ರೀತಿಗೆ ಕೆಲವರು, ಕಚ್ಚಾ ರಸ್ತೆಗೆ ಜೀಪೇ ಸರಿ ಎಂದು ಕೆಲವರು ಇಟ್ಟುಕೊಂಡಿರುತ್ತಾರೆ. ಇಂಥ ಗಾಡಿಯ ಸ್ಟಾರ್ಟರ್ ಮೋಟಾರ್, ಅಂದರೆ ನಮ್ಮ ಕಡೆಯ ಮಾತಿನಲ್ಲಿ ‘ಸೆಲ್ಫ್’, ಕೈಕೊಟ್ಟಾಗ ದೊಡ್ಡ ಪ್ರಶ್ನೆ ಎದುರಾಗುತ್ತದೆ. ಕಂಪನಿಯ ಅಸಲಿ ಮೋಟಾರ್ ಸಿಗುವುದಿಲ್ಲ. ಗುಜರಿಯಲ್ಲಿ ಇನ್ನೊಂದು ಗಾಡಿಯದು ಸಿಗುತ್ತದೆ, ನೋಡಲು ಒಂದೇ ತರಹ ಇರುತ್ತದೆ, ಬೋಲ್ಟ್ ತೂತುಗಳೂ ಕೂಡುತ್ತವೆ. ಹಾಗಾದರೆ ಅದು ಹೊಂದುತ್ತದೆ ಎಂದರ್ಥವೇ?

ಬೋಲ್ಟ್ ಕೂತರೆ ಮೋಟಾರ್ ಹೊಂದಿತು ಎನ್ನುವುದು ಬಹಳ ಜನರ ನಂಬಿಕೆ. ಅದು ಅರ್ಧ ಸತ್ಯ. ಹೀಗೆ ಹಾಕಿದ ಮೋಟಾರು ಕೆಲವೊಮ್ಮೆ ಫ್ಲೈವೀಲಿನ ಹಲ್ಲುಗಳನ್ನೇ ತಿಂದುಹಾಕುತ್ತದೆ. ಆಗ ಮೋಟಾರಿನ ಖರ್ಚಿನ ಜೊತೆಗೆ ಗೇರ್‌ಬಾಕ್ಸ್ ಇಳಿಸುವ ಖರ್ಚೂ ಸೇರುತ್ತದೆ. ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಈ ಮೋಟಾರನ್ನು ಬಳಕೆಗೆ ತಂದ ಮನುಷ್ಯನ ಬದುಕನ್ನು ನೋಡುವುದು ಒಳ್ಳೆಯ ದಾರಿ. ಅವನು ಎದುರಿಸಿದ ತೊಂದರೆಗಳೇ ಇವತ್ತು ನಾವು ಗ್ಯಾರೇಜಿನಲ್ಲಿ ಪರೀಕ್ಷಿಸಬೇಕಾದ ಅಂಶಗಳು.

ಕಣ್ಣು ಮಂಜಾಗಿದ್ದ ಹುಡುಗ

ಚಾರ್ಲ್ಸ್ ಫ್ರ್ಯಾಂಕ್ಲಿನ್ ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೋ ರಾಜ್ಯದ ಲೌಡನ್‌ವಿಲ್ ಊರಿನ ಬಳಿಯ ಒಂದು ರೈತ ಕುಟುಂಬದಲ್ಲಿ. ಚಿಕ್ಕಂದಿನಿಂದಲೇ ಅವನ ಕಣ್ಣಿನ ದೃಷ್ಟಿ ದುರ್ಬಲ. ಹೆಚ್ಚು ಹೊತ್ತು ಓದಿದರೆ ತಲೆನೋವು ಬರುತ್ತಿತ್ತು. ಕೆಲಕಾಲ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದರೂ ಕಣ್ಣಿನ ತೊಂದರೆಯಿಂದ ಓದು ಅರ್ಧಕ್ಕೇ ನಿಂತಿತು. ಆಗ ಟೆಲಿಫೋನ್ ಕಂಬ ನೆಟ್ಟು ತಂತಿ ಎಳೆಯುವ ತಂಡದಲ್ಲಿ ದುಡಿದ. ಮತ್ತೆ ಕಾಲೇಜಿಗೆ ಮರಳಿ, ಪಾಠಗಳನ್ನು ಗೆಳೆಯರಿಂದ ಓದಿಸಿಕೊಂಡು ಕೇಳಿ, 1904ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಆಗ ಅವನ ವಯಸ್ಸು 27.

ಮೊದಲ ಕೆಲಸ ಸಿಕ್ಕಿದ್ದು ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಲೆಕ್ಕದ ಯಂತ್ರಗಳನ್ನು ಮಾಡುವ ಕಂಪನಿ ಅದು. ಆ ಯಂತ್ರವನ್ನು ಆಗ ಕೈಯಿಂದ ಹಿಡಿಕೆ ತಿರುಗಿಸಿ ನಡೆಸಬೇಕಿತ್ತು. ಅದಕ್ಕೆ ವಿದ್ಯುತ್ ಮೋಟಾರ್ ಜೋಡಿಸುವುದು ಕೆಟರಿಂಗ್‌ಗೆ ಒಪ್ಪಿಸಿದ ಕೆಲಸ. ಅವನು ಗಮನಿಸಿದ ಸಂಗತಿ ಸರಳವಾದದ್ದು. ಗಲ್ಲಾಪೆಟ್ಟಿಗೆಯ ಮೋಟಾರು ಫ್ಯಾನಿನಂತೆ ದಿನವಿಡೀ ತಿರುಗಬೇಕಿಲ್ಲ. ಕ್ಷಣಕಾಲ ಜೋರಾಗಿ ತಿರುಗಿ ನಿಂತರೆ ಸಾಕು.

ಇದರಲ್ಲೇನು ವಿಶೇಷ? ಮೋಟಾರ್ ಎಷ್ಟು ಶಕ್ತಿ ಕೊಡಬಲ್ಲದು ಎಂಬುದಕ್ಕೆ ಮುಖ್ಯ ಮಿತಿ ಬಿಸಿ. ಒಳಗಿನ ತಾಮ್ರದ ತಂತಿಯಲ್ಲಿ ವಿದ್ಯುತ್ ಹರಿದಾಗ ಶಾಖ ಹುಟ್ಟುತ್ತದೆ. ದಿನವಿಡೀ ತಿರುಗಬೇಕಾದರೆ ಆ ಶಾಖ ಹೊರಗೆ ಹೋಗುತ್ತಲೇ ಇರಬೇಕು, ಹಾಗಾಗಿ ಮೋಟಾರು ದೊಡ್ಡದಿರಬೇಕು. ಕೆಲವೇ ಸೆಕೆಂಡು ತಿರುಗುವುದಾದರೆ ಚಿಕ್ಕ ಮೋಟಾರಿಗೂ ಅದರ ಸಾಮಾನ್ಯ ಮಿತಿಯ ಹಲವು ಪಟ್ಟು ಕೆಲಸ ಹೇರಬಹುದು. ಎಪಿಎಂಸಿ ಅಂಗಳದ ಹಮಾಲರನ್ನು ನೆನೆಯಿರಿ. ಚೀಲ ಎತ್ತಿ ಲಾರಿಗೆ ಹಾಕುವ ಒಂದು ನಿಮಿಷ ಬೇರೆ, ಅದೇ ಚೀಲ ಹೊತ್ತು ದಿನವಿಡೀ ನಿಲ್ಲುವುದು ಬೇರೆ. ಸ್ಟಾರ್ಟರ್ ಮೋಟಾರಿನ ವಿಜ್ಞಾನದ ಬೀಜ ಇರುವುದು ಇಲ್ಲೇ.

ಹ್ಯಾಂಡಲ್ ಹೊಡೆತದ ಕಾಲ

1909ರಲ್ಲಿ ಕೆಟರಿಂಗ್ ತನ್ನ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಡೆಲ್ಕೋ ಎಂಬ ಕಂಪನಿ ಕಟ್ಟಿದ. ಅವರ ಕಾರ್ಯಾಗಾರ ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆ. ಹಗಲು ಕಂಪನಿ ಕೆಲಸ, ರಾತ್ರಿ ಕೊಟ್ಟಿಗೆಯಲ್ಲಿ ಪ್ರಯೋಗ. ಅವರ ಮೊದಲ ಯಶಸ್ಸು ಕಾರಿನ ಇಗ್ನಿಷನ್ ವ್ಯವಸ್ಥೆ. ಕ್ಯಾಡಿಲ್ಯಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಅದನ್ನು ಮೆಚ್ಚಿ 8,000 ಕಾರುಗಳಿಗೆ ಬೇಡಿಕೆ ಕೊಟ್ಟ.

ಆ ಕಾಲದಲ್ಲಿ ಪೆಟ್ರೋಲ್ ಕಾರು ಶುರುಮಾಡಲು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಪಿಸ್ಟನ್ ಮೇಲಕ್ಕೆ ಬರುವ ಮೊದಲೇ ಕಿಡಿ ಹತ್ತಿದರೆ ಎಂಜಿನ್ ಉಲ್ಟಾ ಒದೆಯುತ್ತದೆ. ಆಗ ಹ್ಯಾಂಡಲ್ ಹಿಂದಕ್ಕೆ ರಪ್ಪನೆ ತಿರುಗಿ ಮಣಿಕಟ್ಟು, ಮುಂಗೈ, ಹೆಬ್ಬೆರಳು ಮುರಿಯುತ್ತಿತ್ತು. ಹಳೆಯ ಬಸ್ಸು, ಲಾರಿಗಳಿಗೆ ಹ್ಯಾಂಡಲ್ ಹೊಡೆದ ಹಿರಿಯರಿಗೆ ಈ ಏಟು ಗೊತ್ತು. ನಮ್ಮ ಹೊಲಗಳ ಹಳೆಯ ಡೀಸೆಲ್ ಎಂಜಿನ್‌ಗಳಿಗೆ ಈಗಲೂ ಹ್ಯಾಂಡಲ್ ಇದೆ.

ಇಲ್ಲಿ ಒಂದು ಪ್ರಸಿದ್ಧ ಕಥೆ ಇದೆ. ಲೀಲ್ಯಾಂಡ್‌ನ ಗೆಳೆಯ, ಕಾರು ತಯಾರಕ ಬೈರನ್ ಕಾರ್ಟರ್, ಡೆಟ್ರಾಯಿಟ್‌ನ ಬೆಲ್ ಐಲ್ ಸೇತುವೆಯ ಮೇಲೆ ಕೆಟ್ಟು ನಿಂತ ಕಾರಿನ ಮಹಿಳೆಗೆ ನೆರವಾಗಲು ಹ್ಯಾಂಡಲ್ ತಿರುಗಿಸಿದನಂತೆ. ಅದು ಒದ್ದು ದವಡೆ ಮುರಿದು ಆತ ಸತ್ತನಂತೆ. ನೊಂದ ಲೀಲ್ಯಾಂಡ್ ಇನ್ನು ಮುಂದೆ ಹ್ಯಾಂಡಲ್ ಇರಬಾರದೆಂದು ಹಟ ಹಿಡಿದನಂತೆ. ಈ ಕಥೆಯನ್ನು ಎಷ್ಟೋ ಪುಸ್ತಕಗಳು ಹೇಳುತ್ತವೆ, ಹಲವು ಕಡೆ ಇದು 1910ರ ಚಳಿಗಾಲದ ಘಟನೆ ಎಂದೂ ಬರೆದಿರುತ್ತದೆ. ಆದರೆ ಕಾರ್ಟರ್ ತೀರಿಕೊಂಡಿದ್ದು 1908ರ ಏಪ್ರಿಲ್‌ನಲ್ಲಿ, ನ್ಯುಮೋನಿಯಾದಿಂದ. ಆದ್ದರಿಂದ ಕಥೆಯ ವಿವರಗಳನ್ನು ಹಾಗೇ ನಂಬುವಂತಿಲ್ಲ. ಹ್ಯಾಂಡಲಿನ ಅಪಾಯ ಮಾತ್ರ ನಿಜ. ಅದನ್ನು ಹೋಗಲಾಡಿಸುವ ದಾರಿಯನ್ನು ಲೀಲ್ಯಾಂಡ್ ಹುಡುಕುತ್ತಿದ್ದದ್ದೂ ನಿಜ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸೋಣ. ವಿದ್ಯುತ್ ಸ್ಟಾರ್ಟರ್ ಕಲ್ಪನೆ ಕೆಟರಿಂಗ್‌ನದೇ ಮೊದಲಲ್ಲ. 1896ರಲ್ಲೇ ಇಂಗ್ಲೆಂಡಿನ ಅರ್ನಾಲ್ಡ್ ಕಾರೊಂದಕ್ಕೆ ವಿದ್ಯುತ್ ಮೋಟಾರ್ ಜೋಡಿಸಲಾಗಿತ್ತು. ಅಮೆರಿಕದಲ್ಲಿ ಕ್ಲೈಡ್ ಕೋಲ್ಮನ್ 1903ರಲ್ಲೇ ಪೇಟೆಂಟ್ ಪಡೆದಿದ್ದ. ಅವು ಬಳಕೆಗೆ ಬರಲಿಲ್ಲ. ಎಂಜಿನ್ ತಿರುಗಿಸಬಲ್ಲ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಾಗಿರಬೇಕು ಎಂಬುದು ಆಗಿನ ಅನೇಕ ತಜ್ಞರ ಅಭಿಪ್ರಾಯವಾಗಿತ್ತು.

ಕೆಟರಿಂಗ್ ಗಲ್ಲಾಪೆಟ್ಟಿಗೆಯ ಪಾಠವನ್ನು ಇಲ್ಲಿಗೆ ತಂದ. ಕ್ಷಣಕಾಲಕ್ಕೆ ಚಿಕ್ಕ ಮೋಟಾರ್ ಸಾಕು. ಅದರ ಬಲವನ್ನು ಗೇರುಗಳಿಂದ ಹಿಗ್ಗಿಸಬೇಕು. ಬ್ಯಾಟರಿ ಬೇಕು. ಎಂಜಿನ್ ಓಡುವಾಗ ಆ ಬ್ಯಾಟರಿಗೆ ಮತ್ತೆ ಚಾರ್ಜ್ ತುಂಬಬೇಕು. ಅವನ ಮೊದಲ ವ್ಯವಸ್ಥೆಯಲ್ಲಿ ಒಂದೇ ಯಂತ್ರ ಸ್ಟಾರ್ಟರ್ ಆಗಿಯೂ ಡೈನಮೋ ಆಗಿಯೂ ಕೆಲಸ ಮಾಡುತ್ತಿತ್ತು. 1911ರ ಫೆಬ್ರವರಿಯಲ್ಲಿ ಕ್ಯಾಡಿಲ್ಯಾಕ್ ಕಾರೊಂದರಲ್ಲಿ ಅದನ್ನು ನಡೆಸಿ ತೋರಿಸಿದ. 1912ರ ಮಾದರಿಯ ಕ್ಯಾಡಿಲ್ಯಾಕ್‌ಗಳು ಈ ವ್ಯವಸ್ಥೆಯೊಂದಿಗೇ ಮಾರಾಟವಾದವು. ಕೆಟರಿಂಗ್‌ಗೆ ಪೇಟೆಂಟ್ ಸಿಕ್ಕಿದ್ದು 1915ರಲ್ಲಿ. ಹ್ಯಾಂಡಲ್ ತಿರುಗಿಸುವ ತೋಳ್ಬಲ ಇಲ್ಲದವರೂ ತಾವೇ ಪೆಟ್ರೋಲ್ ಕಾರು ಓಡಿಸುವುದು ಇದರಿಂದ ಸುಲಭವಾಯಿತು. ಹ್ಯಾಂಡಲ್ ಬೇಡವೆಂಬ ಕಾರಣಕ್ಕೇ ಆಗ ಮಾರಾಟವಾಗುತ್ತಿದ್ದ ಬ್ಯಾಟರಿ ಕಾರುಗಳು ಹಿಂದೆ ಬೀಳಲು ಇದೂ ಒಂದು ಕಾರಣ.

ಬಿಡಿಭಾಗ ಹೊಂದಬೇಕು ಎಂಬ ಹೊಸ ಮಾತು

ಇವತ್ತು ಬಿಡಿಭಾಗ ಹೊಂದುತ್ತದೆಯೇ ಎಂದು ನಾವು ಕೇಳುತ್ತೇವಲ್ಲ, ಆ ಪ್ರಶ್ನೆ ಹುಟ್ಟಲೂ ಲೀಲ್ಯಾಂಡ್ ಒಂದು ಕಾರಣ. ಅದಕ್ಕೂ ಮೊದಲು ಎಷ್ಟೋ ಕಾರುಗಳ ಭಾಗಗಳನ್ನು ಅರದಿಂದ ಉಜ್ಜಿ ಒಂದೊಂದಾಗಿ ಕೂರಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲ್ಯಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಕಲಸಿ ಒಂದೇ ರಾಶಿ ಮಾಡಿದರು. 89 ಭಾಗಗಳನ್ನು ತೆಗೆದು ಅಂಗಡಿಯ ದಾಸ್ತಾನಿನಿಂದ ಹೊಸವನ್ನು ಸೇರಿಸಿದರು. ಬರೀ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳಿಂದ ಮತ್ತೆ ಮೂರು ಕಾರು ಜೋಡಿಸಿ 500 ಮೈಲಿ ಓಡಿಸಿದರು. ಮೂರೂ ಓಡಿದವು. ಅದಕ್ಕೆ ಡೀವಾರ್ ಟ್ರೋಫಿ ಬಂತು. ಮುಂದೆ ವಿದ್ಯುತ್ ಸ್ಟಾರ್ಟರ್ ವ್ಯವಸ್ಥೆಗಾಗಿ ಕ್ಯಾಡಿಲ್ಯಾಕ್ ಅದೇ ಟ್ರೋಫಿಯನ್ನು ಮತ್ತೊಮ್ಮೆ ಪಡೆಯಿತು.

ಇದರ ಪಾಠ ಏನು? ಹೊಂದಿಕೆಯನ್ನು ನಿರ್ಧರಿಸುವುದು ಅಳತೆ, ರೂಪವಲ್ಲ. ಒಂದೇ ಮಾದರಿಯ ಒಳಗೆ ಅಳತೆ ಕಾಯ್ದಿರುತ್ತಾರೆ. ಬೇರೆ ಮಾದರಿಯ ಭಾಗ ಎತ್ತಿಕೊಂಡಾಗ ಅಳೆಯುವ ಕೆಲಸ ನಮ್ಮದು.

ಮೊದಲು ಮೋಟಾರೇ ಕೆಟ್ಟಿದೆಯೇ ನೋಡಿ

ಸೆಲ್ಫ್ ಹೊಡೆದರೆ ಟಕ್ ಎಂದು ಸದ್ದು ಬಂದು ನಿಂತರೆ ಮೋಟಾರ್ ಹೋಯಿತು ಎಂದು ತೀರ್ಮಾನಿಸಬೇಡಿ. ಸ್ಟಾರ್ಟರ್ ನೂರು ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಆ ದಾರಿಯಲ್ಲಿ ತುಕ್ಕು ಹಿಡಿದ ಒಂದು ಟರ್ಮಿನಲ್, ಸಡಿಲಾದ ಒಂದು ಅರ್ಥಿಂಗ್ ಪಟ್ಟಿ ಇದ್ದರೂ ಸಾಕು, ಮೋಟಾರಿಗೆ ಬಲ ತಲುಪುವುದಿಲ್ಲ. ಬೇಸಿಗೆಯ ನಮ್ಮ ಬಿಸಿಲಲ್ಲಿ, ಎಂಜಿನ್ ಕಾದಿರುವಾಗ ತಾಮ್ರದ ತಂತಿಯ ತಡೆಯೂ ಹೆಚ್ಚುತ್ತದೆ.

ಮೀಟರಿನಿಂದ ಬ್ಯಾಟರಿಯ ಎರಡು ಕಂಬಗಳ ನಡುವೆ ವೋಲ್ಟೇಜ್ ನೋಡುತ್ತ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 12 ವೋಲ್ಟಿನ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನು ಶಂಕಿಸಿ. ಬ್ಯಾಟರಿ ಗಟ್ಟಿಯಾಗಿದ್ದು ಮೋಟಾರಿನ ಬಳಿ ಮಾತ್ರ ವೋಲ್ಟೇಜ್ ಕಡಿಮೆ ಇದ್ದರೆ ದೋಷ ಕೇಬಲ್, ಸ್ವಿಚ್ ಅಥವಾ ಅರ್ಥಿಂಗ್‌ನದು. ಎರಡೂ ಕಡೆ ಸರಿ ಇದ್ದು ಮೋಟಾರ್ ತಿರುಗದಿದ್ದರೆ ಮಾತ್ರ ಅದನ್ನು ಇಳಿಸಿ. ಇಳಿಸಿದ ಮೇಲೂ ಬ್ರಷ್, ಬುಷ್ ಬದಲಿಸಿದರೆ ಹಳೆಯದೇ ಜೀವ ಪಡೆಯುವುದುಂಟು. ಹೊಂದಿಕೆಯ ಪ್ರಶ್ನೆಯೇ ಬಾರದ ದಾರಿ ಅದು.

ಬೇರೆ ಮೋಟಾರ್ ಹೊಂದುತ್ತದೆಯೇ: ಏಳು ಪರೀಕ್ಷೆಗಳು

1. ಗಾಡಿಯ ಹೆಸರಲ್ಲ, ಎಂಜಿನ್ ಮತ್ತು ಫ್ಲೈವೀಲ್ ನೋಡಿ. ಅಂಬಾಸಿಡರ್ ಎಂದರೆ ಒಂದೇ ಎಂಜಿನ್ ಅಲ್ಲ. 1489 ಸಿಸಿ ಪೆಟ್ರೋಲ್ ಇದೆ, ಡೀಸೆಲ್ ಇದೆ, ನಂತರ ಬಂದ ಇಸುಜು ಎಂಜಿನ್ ಇದೆ. ಜೀಪುಗಳಲ್ಲಂತೂ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದವು ಬೇಕಾದಷ್ಟು. ಆರ್‌ಸಿ ಪುಸ್ತಕದಲ್ಲಿರುವ ಹೆಸರು ಹೇಳಿ ಮೋಟಾರ್ ತರಿಸಿದರೆ ಮೋಸಹೋಗುವುದು ಹೀಗೆ.

2. ವೋಲ್ಟೇಜ್. ಹಳೆಯ ವಿಲ್ಲೀಸ್ ಜೀಪುಗಳು 6 ವೋಲ್ಟಿನವು. ಅಂಬಾಸಿಡರ್ 12. ಲಾರಿ, ಬಸ್ಸುಗಳದು ಸಾಮಾನ್ಯವಾಗಿ 24. ಕಡಿಮೆ ವೋಲ್ಟಿನ ಮೋಟಾರಿಗೆ ಹೆಚ್ಚು ವೋಲ್ಟ್ ಕೊಟ್ಟರೆ ಜೋರಾಗಿ ತಿರುಗುತ್ತದೆ, ಒಳ್ಳೆಯದೇ ಅಲ್ಲವೇ ಎನ್ನುವವರಿದ್ದಾರೆ. ಆ ಜೋರು ರಿಂಗ್ ಗೇರಿನ ಹಲ್ಲಿಗೆ ಸುತ್ತಿಗೆಯ ಏಟಿನಂತೆ ಬೀಳುತ್ತದೆ, ತಂತಿಯೂ ಬೇಗ ಕಾಯುತ್ತದೆ.

3. ಹಲ್ಲುಗಳು. ಮೋಟಾರಿನ ತುದಿಯ ಪುಟ್ಟ ಗೇರು ಪಿನಿಯನ್, ಫ್ಲೈವೀಲಿನ ಸುತ್ತ ಇರುವುದು ರಿಂಗ್ ಗೇರ್. ವಿಲ್ಲೀಸ್ ಜೀಪಿನ ಒಂದೇ ಎಂಜಿನ್ ಕುಟುಂಬದಲ್ಲಿ 97, 124, 129 ಹಲ್ಲುಗಳ ರಿಂಗ್ ಗೇರುಗಳು ಬಳಕೆಯಾಗಿವೆ. ಅಂದರೆ ಜೀಪಿನ ಮೋಟಾರು ಜೀಪಿಗೆ ಹೊಂದದೇ ಹೋಗಬಹುದು! ಹಲ್ಲಿನ ಸಂಖ್ಯೆಯ ಜೊತೆಗೆ ಗಾತ್ರವೂ ಕೂಡಬೇಕು. ರಿಂಗ್ ಗೇರಿನ ಹೊರ ವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಭಾಗಿಸಿದರೆ ಹಲ್ಲಿನ ಗಾತ್ರ ಸುಮಾರಾಗಿ ಸಿಗುತ್ತದೆ. ಉದಾಹರಣೆಗೆ 305 ಮಿಲಿಮೀಟರ್ ವ್ಯಾಸ, 120 ಹಲ್ಲು ಇದ್ದರೆ 305ನ್ನು 122ರಿಂದ ಭಾಗಿಸಬೇಕು, ಬರುವುದು 2.5. ಪಿನಿಯನ್‌ಗೆ ಈ ಲೆಕ್ಕ ಸರಿಬರುವುದಿಲ್ಲ, ಏಕೆಂದರೆ ಕಡಿಮೆ ಹಲ್ಲಿನ ಗೇರನ್ನು ಬಲಕ್ಕಾಗಿ ತುಸು ಹಿಗ್ಗಿಸಿ ಮಾಡಿರುತ್ತಾರೆ. ಹಳೆಯ ಪಿನಿಯನ್ ಪಕ್ಕದಲ್ಲಿ ಹೊಸದನ್ನು ಇಟ್ಟು ಹಲ್ಲಿನ ಸಂಖ್ಯೆ, ವ್ಯಾಸ, ಹಲ್ಲಿನ ಆಕಾರ ಹೋಲಿಸುವುದೇ ದಾರಿ.

ಒಂದು ಹಲ್ಲಿನ ವ್ಯತ್ಯಾಸಕ್ಕೂ ಬೆಲೆ ಇದೆ. 120 ಹಲ್ಲಿನ ರಿಂಗಿಗೆ 9 ಹಲ್ಲಿನ ಪಿನಿಯನ್ ಇದ್ದರೆ ಬಲ ಸುಮಾರು 13.3 ಪಟ್ಟು ಹಿಗ್ಗುತ್ತದೆ. 10 ಹಲ್ಲಿನದಾದರೆ 12 ಪಟ್ಟು ಮಾತ್ರ. ಅಂದರೆ ಶೇ 10ರಷ್ಟು ಬಲ ಕಡಿಮೆ. ಹೆಚ್ಚು ಹಲ್ಲು ಇದ್ದರೆ ಹೆಚ್ಚು ಬಲ ಎಂಬ ನಂಬಿಕೆ ಹೀಗೆ ತಲೆಕೆಳಗಾಗುತ್ತದೆ.

4. ತಿರುಗುವ ದಿಕ್ಕು. ಮೋಟಾರು ಎಂಜಿನ್ನಿನ ಎಡಕ್ಕಿದ್ದರೆ ಒಂದು ದಿಕ್ಕು, ಬಲಕ್ಕಿದ್ದರೆ ಇನ್ನೊಂದು ಎಂದು ಹೇಳುವುದುಂಟು. ಅದು ತಪ್ಪು. ಎರಡು ಗೇರು ಹೊರಗಿನಿಂದ ಕೂಡಿದಾಗ ಎಲ್ಲಿ ಕೂಡಿದರೂ ಒಂದಕ್ಕೊಂದು ಎದುರು ದಿಕ್ಕಿನಲ್ಲೇ ತಿರುಗುತ್ತವೆ. ಲೆಕ್ಕಕ್ಕೆ ಬರುವುದು ಮೋಟಾರಿನ ಮೈ ಫ್ಲೈವೀಲಿನ ಮುಂದಿದೆಯೋ ಹಿಂದಿದೆಯೋ ಎಂಬುದು. ಅದು ಬದಲಾದರೆ ಪಿನಿಯನ್ ಕಡೆಯಿಂದ ನೋಡಿದಾಗ ದಿಕ್ಕೂ ಬದಲಾಗುತ್ತದೆ.

5. ಬ್ಯಾಟರಿಯ ಯಾವ ಕಂಬ ಅರ್ಥ್‌ಗೆ? ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಧನ ಕಂಬವೇ ಬಾಡಿಗೆ ಸೇರಿರುತ್ತದೆ. ಹಳೆಯ ಸ್ಟಾರ್ಟರಿನ ಒಳಗಿರುವುದು ತಂತಿ ಸುತ್ತಿದ ಅಯಸ್ಕಾಂತ. ಕಂಬ ಅದಲುಬದಲಾದರೆ ಅಯಸ್ಕಾಂತದ ದಿಕ್ಕೂ, ತಿರುಗುವ ಭಾಗದ ಕರೆಂಟಿನ ದಿಕ್ಕೂ ಒಟ್ಟಿಗೇ ಬದಲಾಗುತ್ತವೆ. ಋಣ ಗುಣಿಸು ಋಣ ಧನವಾದಂತೆ ಮೋಟಾರು ಮೊದಲಿನ ದಿಕ್ಕಿಗೇ ತಿರುಗುತ್ತದೆ. ಕಂಬ ಬದಲಾದರೆ ಹಳೆಯ ಸೆಲ್ಫ್ ಉಲ್ಟಾ ತಿರುಗುತ್ತದೆ ಎಂಬುದು ಹಾಗಾಗಿ ಸುಳ್ಳು. ಆದರೆ ಹೊಸ ಕಾಲದ ಹಗುರ ಸ್ಟಾರ್ಟರ್‌ಗಳಲ್ಲಿ ಹಲವು ಶಾಶ್ವತ ಅಯಸ್ಕಾಂತದವು. ಅವು ನಿಜಕ್ಕೂ ಉಲ್ಟಾ ತಿರುಗುತ್ತವೆ. ಧನ ಅರ್ಥಿಂಗ್ ಇರುವ ಹಳೆಯ ಕಾರಿಗೆ ಅಂಥದ್ದನ್ನು ಹಾಗೇ ಹಾಕಬಾರದು.

6. ಪಿನಿಯನ್ ಮುಂದೆ ಬರುವ ಬಗೆ. ಹಳೆಯ ಬೆಂಡಿಕ್ಸ್ ಮಾದರಿಯಲ್ಲಿ ಮೋಟಾರ್ ತಿರುಗಿದ ರಭಸಕ್ಕೆ ಪಿನಿಯನ್ ತಿರುಪಿನ ಮೇಲೆ ಜಾರಿ ರಿಂಗನ್ನು ಕೂಡುತ್ತದೆ, ಎಂಜಿನ್ ಎದ್ದಾಗ ಹಿಂದೆ ಸರಿಯುತ್ತದೆ. ನಂತರದ ಮಾದರಿಯಲ್ಲಿ ಮೇಲಿರುವ ಸೋಲೆನಾಯ್ಡ್ ಮೊದಲು ಪಿನಿಯನ್ ತಳ್ಳಿ, ಆಮೇಲೆ ಕರೆಂಟ್ ಕೊಡುತ್ತದೆ. ಎರಡಕ್ಕೂ ವೈರಿಂಗ್ ಬೇರೆ, ರಿಂಗ್ ಗೇರಿನ ಹಲ್ಲನ್ನು ಯಾವ ಬದಿಯಲ್ಲಿ ಇಳಿಜಾರು ಮಾಡಿದ್ದಾರೆ ಎಂಬುದೂ ಮುಖ್ಯ. ಪಿನಿಯನ್ ಬರುವ ಬದಿಗೇ ಆ ಇಳಿಜಾರು ಇರಬೇಕು. ಎಂಜಿನ್ ಎದ್ದ ಮೇಲೂ ಪಿನಿಯನ್ ಬಿಡದಿದ್ದರೆ ಏನಾಗುತ್ತದೆ ಲೆಕ್ಕ ಹಾಕಿ: ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗಿದರೆ, 13.3 ಪಟ್ಟಿನಂತೆ ಮೋಟಾರು 13,300 ಸುತ್ತು ತಿರುಗಬೇಕು. ಅದರ ತಂತಿಗಳು ಕಿತ್ತು ಬರಲು ಇಷ್ಟು ಸಾಕು.

7. ಅಂತರ. ಮೋಟಾರಿನ ಮುಖಪಟ್ಟಿಯಿಂದ ಪಿನಿಯನ್ ತುದಿಗೆ ಎಷ್ಟು ದೂರ? ಸುಮ್ಮನಿದ್ದಾಗ ಪಿನಿಯನ್ ಮತ್ತು ರಿಂಗಿನ ನಡುವೆ ಕೆಲವು ಮಿಲಿಮೀಟರ್ ಬಿಡುವು ಇರಬೇಕು, ಮುಂದೆ ಬಂದಾಗ ಹಲ್ಲಿನ ಬಹುಪಾಲು ಅಗಲ ಕೂಡಬೇಕು. ತೂತಿನಲ್ಲಿ ಕೂರುವ ಮೂತಿಯ ವ್ಯಾಸವೂ ಸರಿಯಾಗಿರಬೇಕು. ಮೋಟಾರನ್ನು ಗೇರಿನ ನಡುವೆ ನೇರವಾಗಿ ಹಿಡಿಯುವುದು ಆ ಮೂತಿ, ಬೋಲ್ಟ್ ಅಲ್ಲ. ಬೋಲ್ಟ್ ಕೂತರೆ ಸಾಕು ಎಂಬ ನಂಬಿಕೆ ಸೋಲುವುದು ಇಲ್ಲೇ.

ಕೊಟ್ಟೂರಿನಿಂದಲೋ ಹಡಗಲಿಯಿಂದಲೋ ಮೋಟಾರ್ ಹುಡುಕಿ ಹೊಸಪೇಟೆ, ದಾವಣಗೆರೆ, ಹುಬ್ಬಳ್ಳಿಗೆ ಹೋಗುವವರಿಗೆ ಒಂದು ಸುಲಭ ಉಪಾಯವಿದೆ. ದಪ್ಪ ರಟ್ಟಿನ ಮೇಲೆ ಹಳೆಯ ಮೋಟಾರಿನ ಮುಖಪಟ್ಟಿಯ ಅಚ್ಚು ತೆಗೆದುಕೊಳ್ಳಿ. ಬೋಲ್ಟ್ ತೂತು, ಮೂತಿಯ ವ್ಯಾಸ, ಪಿನಿಯನ್ ದೂರ, ಹಲ್ಲಿನ ಸಂಖ್ಯೆ, ತಿರುಗುವ ದಿಕ್ಕು, ವೋಲ್ಟೇಜ್ ಎಲ್ಲವನ್ನೂ ಅದರ ಮೇಲೇ ಬರೆಯಿರಿ. ಸಾಧ್ಯವಾದರೆ ಹಳೆಯ ಮೋಟಾರನ್ನೇ ಹೊತ್ತು ಹೋಗಿ. ಹೊಸದನ್ನು ಕೂರಿಸಿದ ಮೇಲೆ ಮೊದಲು ಪಿನಿಯನ್ ಹಲ್ಲಿಗೆ ತುಸು ಬಣ್ಣ ಸವರಿ, ಫ್ಲೈವೀಲನ್ನು ಕೈಯಿಂದ ತಿರುಗಿಸಿ ಗುರುತು ಎಲ್ಲಿ ಬೀಳುತ್ತದೆ ನೋಡಿ. ಆಮೇಲೆ ಕೀಲಿ.

ಸುರಕ್ಷತೆಯ ಎರಡು ಮಾತು. ಕೆಲಸಕ್ಕೆ ಮೊದಲು ಗಾಡಿಯನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ಯಾಟರಿಯ ಅರ್ಥ್ ತಂತಿಯನ್ನು ಮೊದಲು ಬಿಚ್ಚಿ. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಮೋಟಾರು ಚಿಕ್ಕದಿರುವುದೇ ಈ ವಿಶ್ರಾಂತಿಯ ಲೆಕ್ಕದ ಮೇಲೆ. ಹ್ಯಾಂಡಲ್ ಹೊಡೆಯಲೇಬೇಕಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಒತ್ತಬೇಡಿ.

ಎಂಜಿನ್ನಿಗೆ ಹೊಂದಿತು, ಮೈಗೆ ಹೊಂದಲಿಲ್ಲ

ಕೆಟರಿಂಗ್‌ನ ಬದುಕನ್ನು ಸ್ಟಾರ್ಟರ್‌ಗೇ ನಿಲ್ಲಿಸಿದರೆ ಅದು ಅರ್ಧ ಕಥೆ. ಡೆಲ್ಕೋ 1916ರಲ್ಲಿ ಮಾರಾಟವಾಗಿ ಮುಂದೆ ಜನರಲ್ ಮೋಟಾರ್ಸ್ ಸೇರಿತು. 1920ರಿಂದ 1947ರವರೆಗೆ ಅವನು ಆ ಕಂಪನಿಯ ಸಂಶೋಧನೆಯ ಮುಖ್ಯಸ್ಥ. ಎಲ್ಲವೂ ಗೆಲ್ಲಲಿಲ್ಲ. 1923ರಲ್ಲಿ ಅವನ ಗಾಳಿಯಿಂದ ತಣಿಯುವ ತಾಮ್ರದ ಎಂಜಿನ್‌ನ ಷೆವ್ರೊಲೆ ಕಾರುಗಳು ಸೋತು, ಕಂಪನಿ ಅವನ್ನು ವಾಪಸ್ ಪಡೆಯಬೇಕಾಯಿತು. ರೈಲಿನ ಡೀಸೆಲ್ ಎಂಜಿನ್‌ಗಳ ಮೇಲಿನ ಕೆಲಸ ಯಶಸ್ವಿಯಾಯಿತು.

ಅವನ ಕೈಕೆಳಗೆ ದುಡಿಯುತ್ತಿದ್ದ ಥಾಮಸ್ ಮಿಜ್ಲಿ 1921ರ ಡಿಸೆಂಬರ್‌ನಲ್ಲಿ ಒಂದು ಸಂಗತಿ ಕಂಡುಹಿಡಿದ. ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ತುಸು ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆ. 1923ರಲ್ಲಿ ಸೀಸದ ಪೆಟ್ರೋಲ್ ಮಾರಾಟಕ್ಕೆ ಬಂತು. ಅದನ್ನು ಮಾರಲು 1924ರಲ್ಲಿ ಕಟ್ಟಿದ ಕಂಪನಿಯ ಮೊದಲ ಅಧ್ಯಕ್ಷ ಕೆಟರಿಂಗ್. ಅದೇ ವರ್ಷ ನ್ಯೂಜೆರ್ಸಿಯ ಘಟಕವೊಂದರಲ್ಲಿ ಸೀಸದ ವಿಷವೇರಿ ಐವರು ಕಾರ್ಮಿಕರು ಸತ್ತರು. ಸೀಸ ವಿಷ ಎಂಬುದು ಆಗ ಹೊಸ ಸುದ್ದಿಯಾಗಿರಲಿಲ್ಲ. ಬಡಿತ ತಡೆಯಲು ಮದ್ಯಸಾರ ಬಳಸಬಹುದೆಂಬುದೂ ಗೊತ್ತಿತ್ತು. ಮಾರಾಟ ಕೆಲಕಾಲ ನಿಂತು 1926ರಲ್ಲಿ ಮತ್ತೆ ಶುರುವಾಯಿತು.

ಆಮೇಲೆ ದಶಕಗಳ ಕಾಲ ಜಗತ್ತಿನ ರಸ್ತೆಗಳಲ್ಲಿ ಸೀಸದ ಹೊಗೆ ಹರಡಿತು. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ ಎಂಬುದು ಇಂದು ಸ್ಥಿರಪಟ್ಟ ವಿಷಯ. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದಲ್ಲಿ. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾದಲ್ಲಿ 2021ರಲ್ಲಿ. ಇಂದು ನಾವು ಪ್ರೀತಿಯಿಂದ ಕಾಪಾಡುವ ಅಂಬಾಸಿಡರ್, ಪದ್ಮಿನಿಗಳಲ್ಲಿ ಹೆಚ್ಚಿನವು ತಮ್ಮ ಪ್ರಾಯದಲ್ಲಿ ಓಡಿದ್ದು ಅದೇ ಪೆಟ್ರೋಲಿನಲ್ಲಿ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸ್ಟಾರ್ಟರ್ ವಿಷಯದಲ್ಲಿ ಕೆಟರಿಂಗ್ ಮೋಟಾರ್, ಗೇರು, ಬ್ಯಾಟರಿ, ಡೈನಮೋ ಎಲ್ಲವನ್ನೂ ಒಟ್ಟಾಗಿ ಲೆಕ್ಕ ಹಾಕಿದ, ಎಷ್ಟೋ ಜನರ ಕೈ ಉಳಿಯಿತು. ಸೀಸದ ವಿಷಯದಲ್ಲಿ ಎಂಜಿನ್ನಿಗೆ ಹೊಂದುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಪಡೆದು ಮುಂದೆ ಹೋದರು. ಉಸಿರಾಡುವವರಿಗೆ ಹೊಂದುತ್ತದೆಯೇ ಎಂಬುದನ್ನು, ಅದರಿಂದ ಲಾಭ ಪಡೆಯದವರು ಮಾರಾಟಕ್ಕೆ ಮೊದಲೇ ಪರೀಕ್ಷಿಸಬೇಕಿತ್ತು.

ಕೆಟರಿಂಗ್ ಹೆಸರಿನಲ್ಲಿ ಸುಮಾರು 186 ಪೇಟೆಂಟುಗಳಿವೆ. 1945ರಲ್ಲಿ ಅವನೂ ಆಲ್ಫ್ರೆಡ್ ಸ್ಲೋನ್ ಕೂಡಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. ಸ್ಲೋನ್ ಕೆಟರಿಂಗ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಪ್ರಸಿದ್ಧ. 1958ರ ನವೆಂಬರ್‌ನಲ್ಲಿ, 82ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಡೇಟನ್ ಪಕ್ಕದ ಒಂದು ಊರಿಗೆ ಅವನ ಹೆಸರೇ ಇದೆ.

ಒಟ್ಟಿನಲ್ಲಿ ಹೇಳುವುದಾದರೆ: ಬೋಲ್ಟ್ ಕೂತ ಮಾತ್ರಕ್ಕೆ ಸ್ಟಾರ್ಟರ್ ಹೊಂದಿತು ಎಂದಲ್ಲ. ವೋಲ್ಟೇಜ್, ಹಲ್ಲು, ದಿಕ್ಕು, ಅರ್ಥಿಂಗ್, ಪಿನಿಯನ್ ಬಗೆ, ಅಂತರ ಇಷ್ಟೂ ಕೂಡಿದರೆ ಮಾತ್ರ ಹೊಂದಿಕೆ. ಒಂದು ಅಳತೆಯೂ ಅನುಮಾನವಾದರೆ ಹಣ ಕೊಡುವ ಮೊದಲು ಮತ್ತೊಮ್ಮೆ ಅಳೆಯಿರಿ. ಹಾಳಾದ ರಿಂಗ್ ಗೇರ್ ಬದಲಿಸುವುದಕ್ಕಿಂತ ಅದು ಅಗ್ಗ.